ಕಿವಿಗೊಟ್ಟು

ಉಲಾನ್‌ಬಾತರಿನ ಉತ್ತರಕ್ಕೆ, ಗುಡ್ಡದ ಮೈಮೇಲೆ
ನಮ್ಮದೊಂದು ಉಣ್ಣೆಯ ಗುಡಾರ, ಹಲಗೆ ಬೇಲಿ, ನಾಯಿ.
ಸಂಜೆ ಐದಕ್ಕೆ ಎಲ್ಲರೂ ಒಲೆ ಹಚ್ಚುತ್ತಾರೆ.
ಆಮೇಲೆ ಪಕ್ಕದ ಮನೆ ಕಾಣುವುದಿಲ್ಲ,
ಅವರ ನಾಯಿ ಬೊಗಳುವುದಷ್ಟೇ ಕೇಳುತ್ತದೆ.

ನನ್ನ ಗಂಡ ಗೊಂಚಿಗ್
ಮಗಳ ಅಂಗಿ ಎತ್ತಿ ಬೆನ್ನಿಗೆ ಕಿವಿಯಿಡುತ್ತಾನೆ.
ಹಳೆಯ ಕಸುಬು ಅದು.
ಆಗಷ್ಟೇ ಹುಟ್ಟಿದ ಮರಿಯ ಪಕ್ಕೆಗೆ ಹೀಗೇ ಕಿವಿಯಿಟ್ಟು
'ಇದು ಉಳಿಯುತ್ತದೆ', 'ಇದು ಬೆಳಗಿನವರೆಗೆ ಅಷ್ಟೇ' ಎನ್ನುತ್ತಿದ್ದ.
ತಪ್ಪಿದ್ದು ನನಗೆ ನೆನಪಿಲ್ಲ.
ಉಯಾಂಗಳ ಬೆನ್ನಿಂದ ಕಿವಿ ತೆಗೆದು
ಈಗ ಏನೂ ಹೇಳುವುದಿಲ್ಲ.
ಒಲೆಯ ಬಾಗಿಲು ಮುಚ್ಚಿದೆಯೇ ಎಂದು
ಇನ್ನೊಮ್ಮೆ ನೋಡುತ್ತಾನೆ.
ನಾನೂ ಉಸಿರೆತ್ತುವುದಿಲ್ಲ.

ಆಸ್ಪತ್ರೆಯಲ್ಲಿ ಒಂದು ಮಂಚಕ್ಕೆ ಎರಡು ಮಕ್ಕಳು,
ತಲೆ ಅತ್ತ ಒಂದು, ಇತ್ತ ಒಂದು.
ಡಾಕ್ಟರ ಹೆಸರು ತುಂಗಲಗ್,
ನಮ್ಮ ಮಾತಿನಲ್ಲಿ ತಿಳಿ ಎಂದರ್ಥ, ತಿಳಿನೀರಿನ ತಿಳಿ.
ಆಕೆಯ ಕಣ್ಣೇ ಕೆಂಪಗೆ ಕದಡಿತ್ತು.
'ಹಳ್ಳಿ ಕಡೆ ಕರೆದುಕೊಂಡು ಹೋಗಿ,
ಎರಡು ತಿಂಗಳು ಹುಲ್ಲುಗಾವಲಿನ ಗಾಳಿ ಕುಡಿಯಲಿ.'
ಗೊಂಚಿಗ್ ನಕ್ಕ.
ನಗು ಅರ್ಧಕ್ಕೆ ಕೆಮ್ಮಾಯಿತು.

ಹುಲ್ಲುಗಾವಲು.
ಆ ವರ್ಷ ಬೇಸಿಗೆಯಿಡೀ ಹುಲ್ಲು ಮೊಣಕಾಲಿಗೇ ಬರಲಿಲ್ಲ.
ನಡುಚಳಿಯಲ್ಲಿ, ಯಾರೂ ಕಂಡಿಲ್ಲದ ಹಾಗೆ, ಹಿಮದ ಮೇಲೆ ಮಳೆ.
ಮಳೆಯ ಮೇಲೆ ಮತ್ತೆ ಚಳಿ.
ನೆಲ ಗಾಜಾಯಿತು.
ಕುರಿಗಳು ಗಾಜನ್ನು ಗೊರಸಿನಿಂದ ಕೆರೆದು ಕೆರೆದು
ರಕ್ತ ಬಂದ ಮೇಲೂ ಕೆರೆದು
ನಿಂತಲ್ಲೇ ನಿಂತುಬಿಟ್ಟವು.
ನಾನೂರ ಹದಿನಾರು.
ಎಣಿಸಿದವಳು ನಾನೇ.
ಯಾವ ದೇಶದ ಯಾವ ಒಲೆಯ ಹೊಗೆಯೋ
ನಮ್ಮ ಹುಲ್ಲಿನ ಮೇಲೆ ಗಾಜು ಕೂರಿಸಿತು, ಗೊತ್ತಿಲ್ಲ.
ಈಗ ನಾವೂ ಸುಡುತ್ತೇವೆ, ರಾತ್ರಿಗೆ ಎರಡು ಬಕೆಟ್ಟು.
ಯಾರ ಹುಲ್ಲಿನ ಮೇಲೋ, ಅದೂ ಗೊತ್ತಿಲ್ಲ.

ಬೇಲಿಯಾಚೆಯ ಚೆರ್ಮಾ ಜನವರಿಯಲ್ಲಿ
ಹೊಟ್ಟೆಯಲ್ಲಿದ್ದುದನ್ನು ಕಳೆದುಕೊಂಡಳು.
ಇನ್ನೂ ಒಂದು ಉಸಿರೂ ಆಡದ ಕೂಸು
ಹೊಗೆ ಕುಡಿದಿತ್ತೆಂದರೆ ಹೇಗೆ ನಂಬುವುದು?
ಅವಳು ನನ್ನ ಕೊಳವೆಯತ್ತ ನೋಡಲಿಲ್ಲ.
ನಾನು ಅವಳದ್ದರತ್ತ ನೋಡಲಿಲ್ಲ.
ಮೈನಸ್ ಮೂವತ್ತರಲ್ಲಿ ಯಾರು ಯಾರನ್ನು ಬೈಯುವುದು?

ಬೆಳಿಗ್ಗೆ ಚಹಾ ಕುದಿದ ಮೇಲೆ
ಮೊದಲ ಸೌಟು ಆಕಾಶಕ್ಕೆ ಎರಚುವುದು ನಮ್ಮ ಪದ್ಧತಿ.
ಎರಚುತ್ತೇನೆ.
ಮೇಲೆ ನೀಲಿ ಇದೆಯೆಂದು ಲೆಕ್ಕ.
ಹಾಲಿನ ಚಹಾ ಮಸಿ ಕವಿದ ಹಿಮದ ಮೇಲೆ ಬಿದ್ದು
ಸ್ವಲ್ಪ ಹೊತ್ತು ಅದೊಂದೇ ಬಿಳಿ.
ನಾಯಿ ಬಂದು ನೆಕ್ಕುತ್ತದೆ.

ನಿನ್ನೆ ರಾತ್ರಿ ಗೊಂಚಿಗ್
ಒಲೆ ಆರಿಸೋಣ, ಒಂದೇ ರಾತ್ರಿ, ಎಂದ.
ಅವಳ ಎದೆ ಒಲೆಯಿಲ್ಲದೆ ಹೇಗೆ ಸದ್ದು ಮಾಡುತ್ತದೆ ಕೇಳಬೇಕಂತೆ.
ಉಳಿದಿದ್ದ ಕುರಿಚರ್ಮಗಳನ್ನೆಲ್ಲ ಹೊದ್ದು
ಮೂವರೂ ಒಂದೇ ಗಂಟಾಗಿ ಮಲಗಿದೆವು.
ಬಕೆಟ್ಟಿನ ನೀರು ಮೊದಲು ಅಂಚಿಗೆ, ಆಮೇಲೆ ನಡುವಿಗೆ ಕಲ್ಲಾಯಿತು.
ಅವನು ಕಿವಿಯಿಟ್ಟ. ಕಾದ.
ಗುಡ್ಡದ ಸಾವಿರ ಕೊಳವೆಗಳ ಹೊಗೆ
ಬಾಗಿಲ ಸಂದಿಯಿಂದ, ಕರೆಯದ ನೆಂಟರ ಹಾಗೆ,
ಒಳಗೆ ಬರುತ್ತಲೇ ಇತ್ತು.

ಅಷ್ಟರಲ್ಲಿ ಉಯಾಂಗ ಹೊರಳಿ
'ಈಗ ನನ್ನ ಸರದಿ' ಅಂದಳು.
ಅಪ್ಪನ ಎದೆಗೆ ತನ್ನ ತಣ್ಣನೆಯ ಕಿವಿ ಒತ್ತಿದಳು.
'ಏನು ಕೇಳಿಸಿತು?'
'ಕುದುರೆ' ಅಂದಳು.
'ತುಂಬಾ ದೂರದಲ್ಲಿ. ಗುಡ್ಡ ಹತ್ತುತ್ತಿದೆ.
ಮೇಲೆ ಯಾರೋ ಕೂತಿದ್ದಾರೆ, ಭಾರ ಇದ್ದಾರೆ.'

ಅವನು ನನ್ನ ಮುಖ ನೋಡಲಿಲ್ಲ.
ನಾನು ಎದ್ದು, ಕತ್ತಲಲ್ಲೇ ತಡಕಿ,
ಬೆಂಕಿಪೆಟ್ಟಿಗೆ ಹುಡುಕಿದೆ.